ನನ್ನ ಕೊನೆಯ ಪೋರ್ಟ್ರೇಟ್‌ಗೆ ಲೊಕೇಶನ್ ಹುಡುಕಿದ್ದು

ಸತ್ತ ಮೇಲೆ ಗೋಡೆಯಲ್ಲಿ ಹೇಗೆ ಕಾಣಬೇಕು ಎಂಬುದನ್ನು ಮಕ್ಕಳ ಮರ್ಜಿಗೆ ಬಿಡಬಾರದು. ಈ ಜ್ಞಾನೋದಯ ನನಗಾದದ್ದು ನಮ್ಮ ಯಜಮಾನರ ಉತ್ತರಕ್ರಿಯೆಯ ದಿನ. ಹಾರ ಹಾಕಲು ಅವರದ್ದೊಂದು ನೆಟ್ಟಗಿನ ಫೋಟೋ ಮನೆಯಲ್ಲಿರಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹೋಟೆಲು ಶುರುವಾದಾಗ ತೆಗೆದ ಗ್ರೂಪ್ ಫೋಟೋದಿಂದ ಅವರೊಬ್ಬರನ್ನೇ ಕತ್ತರಿಸಿ ಮಗ ದೊಡ್ಡದು ಮಾಡಿಸಿದ. ಯಜಮಾನರು ಬಂದರು. ಅವರ ಭುಜದ ಮೇಲೆ ಪಾರ್ಟ್ನರನ ಕೈಯೂ ಬಂತು! ವಾಚು ಕಟ್ಟಿದ, ಉಂಗುರ ಹಾಕಿದ, ಮೈಯೇ ಇಲ್ಲದ ಕೈ.

ಬಂದವರೆಲ್ಲ ಕೈ ಮುಗಿದು, ಆಮೇಲೆ ಕಣ್ಣು ಕಿರಿದು ಮಾಡಿ ಕೇಳುವುದು ಒಂದೇ: ಆ ಕೈ ಯಾರದ್ದು? ನನ್ನದಂತೂ ಅಲ್ಲ. ನಮ್ಮ ಮದುವೆಯ ಫೋಟೋಗಳನ್ನು ಗೆದ್ದಲು ತಿಂದಿತ್ತು. ಆಮೇಲೆ ಅವರು ಮುಂಬೈಯಲ್ಲಿ, ನಾನು ಕುಂದಾಪುರದಲ್ಲಿ. ಒಂದೇ ಫ್ರೇಮಿನೊಳಗೆ ಬೀಳುವಷ್ಟು ಹತ್ತಿರ ನಾವು ನಿಂತದ್ದೇ ಕಡಿಮೆ.

ನನ್ನ ಗತಿ ಹೀಗಾಗಬಾರದು ಎಂದು ನಿಶ್ಚಯಿಸಿದೆ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. "ಚಿನ್ ಅಪ್, ಗರ್ಲ್ಸ್" ಎಂದು ಸಿಸ್ಟರ್ ಹೇಳಿಕೊಟ್ಟದ್ದನ್ನು ಅಡುಗೆಮನೆಯ ಹೊಗೆಯಲ್ಲೂ ಮರೆತವಳಲ್ಲ. ನನ್ನ ಪೋರ್ಟ್ರೇಟ್‌ನಲ್ಲಿ ಡಿಗ್ನಿಟಿ ಇರಬೇಕು, ನ್ಯಾಚುರಲ್ ಲೈಟ್ ಇರಬೇಕು, ಹಿಂದೆ ಒಂದು ಚೆಂದದ ಲೊಕೇಶನ್ ಇರಬೇಕು. ಏನು ಮಹಾ, ಒಂದು ಮಧ್ಯಾಹ್ನದ ಕೆಲಸ!

ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟಿದ್ದ ರಾಘು ಆಗಷ್ಟೇ ಡಿಜಿಟಲ್ ಕ್ಯಾಮರಾ ಕೊಂಡಿದ್ದ. "ಹೊರಗೆ ಎಂತಕ್ಕಮ್ಮಾ? ನಮ್ಮಲ್ಲಿ ಹಂಸದ ಪರದೆ ಇತ್ತಲ್ದಾ?" ಎಂದ. ನೀಲಿ ಕೊಳ, ಎರಡು ಹಂಸ, ಒಂದಕ್ಕೆ ಕೊಕ್ಕಿನ ಬಣ್ಣ ಎದ್ದುಹೋಗಿತ್ತು. ಆ ಹಂಸಗಳ ಮುಂದೆ ಕೂರುವುದಕ್ಕಿಂತ ಸಾಯದೇ ಇರುವುದು ವಾಸಿ ಎಂದೆ.

ಮನೆಯಲ್ಲಿ ಹೇಳಲಿಲ್ಲ. ಅತ್ತೆ ಹೊರಡುವ ತಯಾರಿಯಲ್ಲಿದ್ದಾರೆ ಎಂದು ತಿಳಿದರೆ ಸೊಸೆ ಶೈಲಾ ನೊಂದುಕೊಂಡಾಳು. ಅಥವಾ ನೊಂದುಕೊಳ್ಳದೇ ಇದ್ದಾಳು. ಎರಡನೆಯದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ.

ಮೊದಲು ಬೈಂದೂರಿನ ಒತ್ತಿನೆಣೆ ಗುಡ್ಡ. ಹಿಂದೆ ಕಡಲು, ಅದರಲ್ಲಿ ಇಳಿಯುವ ಸೂರ್ಯ. ಜೀವನಸಂಧ್ಯೆಗೆ ಇದಕ್ಕಿಂತ ಸೂಕ್ತವಾದದ್ದು ಇನ್ನೇನಿದೆ? ಪ್ರಿಂಟ್ ಬಂದಾಗ ಸೂರ್ಯ ಸೊಗಸಾಗಿದ್ದ. ನಾನು ಪೂರ್ತಿ ಕಪ್ಪು. ಅದು ನಾನೂ ಆಗಿರಬಹುದು, ದಾರಿ ಬದಿಯ ಕಿಲೋಮೀಟರ್ ಕಲ್ಲೂ ಆಗಿರಬಹುದು.

ಎರಡನೆಯದು ಮರವಂತೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಹೈವೇ, ಹೈವೇ ಪಕ್ಕದಲ್ಲಿ ನಾನು. ಚಿನ್ ಅಪ್ ಮಾಡಿದ ಕ್ಷಣಕ್ಕೇ ಗಾಳಿ ಸೆರಗನ್ನು ಎತ್ತಿ ಮುಖಕ್ಕೆ ಸುತ್ತಿತು. ಹಿಂದಿನಿಂದ ಹೋದ ಮೀನಿನ ಲಾರಿ ನೀರು ಚೆಲ್ಲಿ ಆಶೀರ್ವದಿಸಿತು. ಮನೆಗೆ ಬಂದಾಗ ಬೆಕ್ಕು ಮಾತ್ರ ನನ್ನನ್ನು ಪ್ರೀತಿಯಿಂದ ಬರಮಾಡಿಕೊಂಡಿತು.

ಮೂರನೆಯದು ಕೋಟೇಶ್ವರದ ದೇವಸ್ಥಾನದ ಕೆರೆ. ವಿಶಾಲವಾದ ನೀರು, ಕಲ್ಲಿನ ಮೆಟ್ಟಿಲು, ಸಂಜೆಯ ಹದವಾದ ಬಿಸಿಲು. ಪರ್ಫೆಕ್ಟ್! ದೂರದಿಂದ ತೆಗೆದರೆ ಮುಖ ನ್ಯಾಚುರಲ್ ಆಗಿ ಬರುತ್ತದೆಂದು ರಾಘು ಉದ್ದದ ಲೆನ್ಸ್ ಹಿಡಿದು ಆಚೆ ದಡಕ್ಕೆ ಹೋದ. ಹೋಗುವ ಮೊದಲು ಕನ್ನಡಕ ತೆಗೆಯಲು ಹೇಳಿದ, ಗಾಜು ಹೊಳೆಯುತ್ತದಂತೆ. ತೀರ್ಥದ ಕೆರೆ ಎಂದು ನಾನೇ ಚಪ್ಪಲಿ ಬಿಟ್ಟೆ. ಚಪ್ಪಲಿ, ಅದರ ಪಕ್ಕದಲ್ಲಿ ಕನ್ನಡಕ, ಅದರ ಪಕ್ಕದಲ್ಲಿ ಪರ್ಸು. ಮೇಲಿನ ಮೆಟ್ಟಿಲ ಮೇಲೆ ಕಾನ್ವೆಂಟ್ ಶಿಸ್ತಿನಲ್ಲಿ ಸಾಲಾಗಿ ಜೋಡಿಸಿದೆ.

ನಮ್ಮ ಕಡೆ ಚಪ್ಪಲಿಯನ್ನು ದಡದಲ್ಲಿ ಜೋಡಿಸಿಟ್ಟು ನೀರಿಗಿಳಿಯುವವರು ಯಾರು ಎಂಬುದು ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಆಚೆಯಿಂದ ರಾಘು ಕೈಬೀಸಿ ಇನ್ನೂ ಕೆಳಗೆ ಎನ್ನುತ್ತಿದ್ದನಂತೆ. ಕನ್ನಡಕವಿಲ್ಲದೆ ನನಗೆ ಆಚೆ ದಡವೂ ಆಕಾಶವೂ ಒಂದೇ. ನೀರಿನ ಅಂಚಿಗೆ ನಿಲ್ಲಬೇಕೆಂದು ಅವನು ಹೋಗುವ ಮೊದಲೇ ಹೇಳಿದ್ದ. ತಿಳಿಬಣ್ಣದ ಸೀರೆಯ ಮುದುಕಿ, ಗಲ್ಲ ಮೇಲೆತ್ತಿ, ಕಾಲಿನಿಂದ ತಡವುತ್ತಾ ಒಂದೊಂದೇ ಮೆಟ್ಟಿಲು ನೀರಿನ ಕಡೆ ಇಳಿದೆ. ಪಾದಕ್ಕೆ ನೀರು ತಾಗಿತು. ಮುಖದಲ್ಲಿ ಡಿಗ್ನಿಟಿ ಮೂಡುತ್ತಿರುವುದು ನನಗೇ ತಿಳಿಯುತ್ತಿತ್ತು.

"ಹ್ವಾಯ್!"

ಯಾರೋ ಬಂದು ನನ್ನ ತೋಳು ಹಿಡಿದರು. ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಹೆಂಗಸು. ಧಾರೆಯ ಮಂಟಪದಲ್ಲಿ ಕೂಡ ನನ್ನ ಕೈಯನ್ನು ಯಾರೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

"ಅಮ್ಮಾ, ಹಾಂಗೆಲ್ಲ ಮಾಡುಕಾಗ. ನಿಮ್ಗೆ ಎಂತ ದುಃಖ ಇತ್ತ್? ನನ್ ಹತ್ರ ಹೇಳಿ."

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕೇಳಿದಾಗ ನಾನು ಕೊಟ್ಟ ಉತ್ತರವೇನು? "ಬಿಡು ಮಾರಾಯ್ತಿ, ಬೆಳಕ್ ಹೋತ್ತ್."

ಅದನ್ನು ಕೇಳಿ ಅಷ್ಟರಲ್ಲಿ ನೆರೆದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು.

ಫೋಟೋ ತೆಗೆಸುತ್ತಿದ್ದೇನೆ ಎಂದೆ. ಫೋಟೋಗ್ರಾಫರ್ ಎಲ್ಲಿ ಎಂದರು. ಆಚೆ ದಡದತ್ತ ಕೈ ತೋರಿಸಿದೆ. ಅಲ್ಲಿ ಯಾರೂ ಇರಲಿಲ್ಲ. ರಾಘು ಆ ದೊಡ್ಡ ಕೆರೆಯನ್ನು ಸುತ್ತಿ ಓಡಿ ಬರುತ್ತಿದ್ದ. ಪಾಪ, ತಲೆಯೂ ಕೆಟ್ಟಿದೆ ಎಂದು ಜನ ತೀರ್ಮಾನಿಸಿದರು. "ಸೊಸೆ ಉಂಬುಕ್ ಹಾಕುದಿಲ್ಯಾ?" ಎಂದು ಒಬ್ಬರು ಮೆಲ್ಲಗೆ ಕೇಳಿದರು. ಹಾಕುತ್ತಾಳೆ, ಚೆನ್ನಾಗಿಯೇ ಹಾಕುತ್ತಾಳೆ ಎಂದೆ. ಹೆದರಿ ಹಾಗೆ ಹೇಳುತ್ತಿದ್ದೇನೆ ಎಂದು ಅದಕ್ಕೂ ಅರ್ಥ ಹಚ್ಚಿದರು. ರಾಘು ಏದುಸಿರು ಬಿಡುತ್ತಾ ಬಂದು ಮುಟ್ಟಿದಾಗ ಅವನನ್ನು ನನ್ನ ಮಗನೆಂದು ತಿಳಿದು ಬೈದರು.

ಕುಂದಾಪುರಕ್ಕೆ ನನಗಿಂತ ಮೊದಲು ಸುದ್ದಿ ಮುಟ್ಟಿತ್ತು. ಮನೆಯ ಜಗಲಿಯಲ್ಲಿ ನೆರೆಕೆರೆಯವರು, ಅವರ ಕೈಯಲ್ಲಿ ಬಾಳೆಹಣ್ಣು. ಹಿಂದೆ ನಾನು ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದಾಗ ಇಣುಕದವರೂ ಬಂದಿದ್ದರು. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿ, ಶೈಲಾಳನ್ನು ಬೇರೆ ರೀತಿಯಲ್ಲಿ ನೋಡಿದರು. ಅವಳು ಅಷ್ಟೂ ಜನರಿಗೆ ಚಹಾ ಮಾಡಿ ಕೊಟ್ಟಳು. ನಾನು ವಿವರಿಸಿದೆ. ಇಂಗ್ಲಿಷಿನಲ್ಲೂ ವಿವರಿಸಿದೆ. ಯಾರೂ ನಂಬಲಿಲ್ಲ.

ಎಲ್ಲರೂ ಹೋದ ಮೇಲೆ ಶೈಲಾ ಖಾಲಿ ಲೋಟಗಳನ್ನು ಹಿಡಿದು ನಿಂತಳು.

"ಅತ್ತೆ, ಒಂದ್ ಫೋಟೋ ಬೇಕಂದ್ರೆ ನನ್ ಹತ್ರ ಹೇಳ್ಲಕ್ಕಿತ್ತಲ್ದಾ? ಮೊಬೈಲಗೆ ತೆಗಿತಿದ್ದೆ."

ಹೇಳಬಹುದಿತ್ತು. ಅದೇ ನನಗೆ ಹೊಳೆಯದ ಲೊಕೇಶನ್, ನಮ್ಮ ಮನೆ.

ಅಂದಿನಿಂದ ನಾನು ಬಾವಿಕಟ್ಟೆಯ ಕಡೆ ಹೋದರೂ ಅವಳು ಕಿಟಕಿಯಲ್ಲಿ ಇರುತ್ತಾಳೆ. ಅಕ್ಕರೆಯೋ ಕಾವಲೋ, ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ರಾಘು ಓಡುವ ಮೊದಲು ಒಂದೇ ಒಂದು ಸಲ ಬಟನ್ ಒತ್ತಿದ್ದ. ಮೂರೂ ಊರು ಸುತ್ತಿದ್ದರಲ್ಲಿ ನನ್ನ ಮುಖ ಸ್ಪಷ್ಟವಾಗಿ ಬಿದ್ದ ಫೋಟೋ ಅದೊಂದೇ. ಬೆಳಕು ಚೆನ್ನಾಗಿದೆ. ಗಲ್ಲ ಮೇಲಿದೆ. ಬಾಯಿ ತೆರೆದಿದೆ. ತೋಳಿನ ಮೇಲೆ, ಫೋಟೋದ ಅಂಚಿನಿಂದ ಚಾಚಿದ, ಹಸಿರು ಗಾಜಿನ ಬಳೆಯ ಕೈಯೊಂದಿದೆ. ಕಂಪ್ಯೂಟರಿನಲ್ಲಿ ಕೈ ಅಳಿಸಲು ಹೇಳಿದೆ. ಅಳಿಸಿದ, ಜೊತೆಗೆ ನನ್ನ ತೋಳೂ ಹೋಯಿತು. ಬೇಡಪ್ಪಾ, ಇರಲಿ ಬಿಡು ಎಂದೆ. ಹಿಂದೆ ಓಡಿಬರುತ್ತಿದ್ದ ಜನರನ್ನಾದರೂ ತೆಗೆಯುತ್ತೇನೆ ಎಂದು ಆ ಜಾಗಕ್ಕೆ ಅವನಿಗೆ ತೋಚಿದ್ದನ್ನು ಕೂರಿಸಿದ. ನೀಲಿ ಕೊಳ, ಎರಡು ಹಂಸ.

ಫ್ರೇಮು ಹಾಕಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಮುಂದೆ ಅದು ಯಜಮಾನರ ಪಕ್ಕದ ಮೊಳೆಗೆ ಏರುತ್ತದೆ. ಕೊನೆಗೂ ನಾವಿಬ್ಬರೂ ಜೋಡಿಯಾಗಿ ಕಾಣುತ್ತೇವೆ. ಅವರ ಭುಜದ ಮೇಲೊಂದು ಕೈ, ನನ್ನ ತೋಳಿನ ಮೇಲೊಂದು ಕೈ. ಬಂದವರು ಯಾರದ್ದೆಂದು ಕೇಳುತ್ತಾರೆ. ಹೇಳಲು ನಾನಿರುವುದಿಲ್ಲ.