ಹೆಂಡತಿಗಿಂತ ಚಿಕ್ಕವನಾದ ದೊಡ್ಡಪ್ಪ

ಅಂಕೋಲೆಯ ಹತ್ತಿರದ ಕೇಣಿಯಲ್ಲಿರುವ ನನ್ನ ದೊಡ್ಡಪ್ಪ ತನ್ನ ಹೆಂಡತಿಗಿಂತ ಏಳು ವರ್ಷ ಚಿಕ್ಕವ. ಮದುವೆಯ ದಿನ ನಾಲ್ಕು ವರ್ಷ ದೊಡ್ಡವನಿದ್ದನಂತೆ. ನಡುವೆ ಏನಾಯಿತು ಅಂತೀರಾ? ಆಧಾರ್ ಕಾರ್ಡ್ ಆಯಿತು!

ದೊಡ್ಡಪ್ಪ ಮೀನು ಹಿಡಿಯುವ ದೋಣಿಯ ತಂಡೇಲ. ಅಂದರೆ ಚುಕ್ಕಾಣಿ ಹಿಡಿದು ಉಳಿದವರನ್ನು ನಡೆಸುವವ. ದಾಖಲೆಯಲ್ಲಿ ಅರವತ್ತಾದವ ಚುಕ್ಕಾಣಿ ಬಿಡಬೇಕು ಎಂಬುದು ಅವರ ದೋಣಿಯ ಕಟ್ಟಳೆ. ನನ್ನ ಅಪ್ಪನೂ ಅದೇ ದೋಣಿಯಲ್ಲಿದ್ದವ. ಅಪ್ಪ ತೀರಿಕೊಂಡು ಆರು ತಿಂಗಳಾಗಿರಲಿಲ್ಲ, ಅವನ ಈ ಅಣ್ಣನಿಗೆ ಯೌವನ ಬಂತು ನೋಡಿ! ಆಧಾರ್ ಮಾಡಿಸುವಾಗ ಹನ್ನೊಂದು ವರ್ಷ ಇಳಿಸಿ ಬರೆಸಿದ. ಹಿಂದೆ ನಿಂತಿದ್ದ ದೊಡ್ಡಮ್ಮ ತನ್ನದನ್ನು ಸರಿಯಾಗಿಯೇ ಹೇಳಿದಳು. ಕೂದಲಿಗೆ ಕಪ್ಪು ಬಳಿಯುವುದೂ ಆಗಲೇ ಶುರು. ಅರ್ಧ ಕಪ್ಪು ಕಿವಿಗೇ ಹತ್ತುತ್ತಿತ್ತು. ಇಡೀ ಕೇಣಿಯಲ್ಲಿ ಅವನ ನಿಜವಾದ ವಯಸ್ಸು ಗೊತ್ತಿಲ್ಲದ್ದು ಸರ್ಕಾರಕ್ಕೆ ಮಾತ್ರ.

ಈ ವರ್ಷ ಅವನಿಗೆ ಎದೆನೋವು ಬಂತು. ಆಪರೇಷನ್ ಆಗಲೇಬೇಕು, ತಡಮಾಡಬೇಡಿ ಅಂದರು ಕಾರವಾರದ ಡಾಕ್ಟರು. ಎಪ್ಪತ್ತಾದವರಿಗೆ ಸರ್ಕಾರದ ಆರೋಗ್ಯ ವಿಮೆ ಇದೆಯಲ್ಲ, ದೊಡ್ಡಪ್ಪನಿಗೂ ಎಪ್ಪತ್ತು ತುಂಬಿದೆ ಅಂತ ಹೆಸರು ಬರೆಸಲು ಹೋದೆವು. ಕೌಂಟರಿನವ ಆಧಾರ್ ನೋಡಿದ.

"ಇವರಿಗೆ ಇನ್ನೂ ಐವತ್ತೊಂಬತ್ತು. ಹನ್ನೊಂದು ವರ್ಷ ಬಿಟ್ಟು ಬನ್ನಿ." ಆಮೇಲೆ ದೊಡ್ಡಮ್ಮನ ಕಾರ್ಡನ್ನೂ ನೋಡಿ ಕೇಳಿದ, "ನೀವು ಇವರ ಅಕ್ಕನಾ?"

"ಹೌದಪ್ಪ, ಎತ್ತಿ ಆಡ್ಸಿದ್ದೆ" ಅಂದಳು ದೊಡ್ಡಮ್ಮ.

ವಯಸ್ಸು ತಿದ್ದಿಸಲು ನಾನು ಅವನ ಶಾಲೆಯ ದಾಖಲೆ ಹುಡುಕಿಸಿ ತಂದೆ. ಅರ್ಜಿಗೆ ಸಹಿ ಹಾಕಬೇಕಲ್ಲ ಮಹಾಶಯ?

"ಆ ಮಾಸ್ತರ್ರು ನಾ ಹುಟ್ಟಿದ್ದು ಕಂಡಿದ್ರಾ?"

"ದೊಡ್ಡಪ್ಪಾ, ನಿನಗೆ ಚುಕ್ಕಾಣಿ ಬೇಕೋ, ಜೀವ ಬೇಕೋ?"

"ಅದಿರ್ಲಿ ತಂಗೀ, ನಿಂದು ಖಾಯಂ ಆರ್ಡರ್ ಬಂತಾ?"

ನಾನು ಕಾರವಾರದ ಕಚೇರಿಯೊಂದರಲ್ಲಿ ತಾತ್ಕಾಲಿಕ ಗುಮಾಸ್ತೆ. ಮೂರು ಭಾನುವಾರ ಅರ್ಜಿ ಹಿಡಿದು ಅಂಕೋಲೆಯ ಬಸ್ಸು ಹತ್ತಿದೆ. ಮೂರು ಸಲವೂ ಅದೇ ಪ್ರಶ್ನೆ. ಮಾತು ತಪ್ಪಿಸುವುದಕ್ಕೂ ಒಂದು ಮಿತಿ ಬೇಡವೇ? ಮೂರನೆಯ ಸಲ ಸಿಟ್ಟು ನೆತ್ತಿಗೇರಿತು. "ಚಟ್ಟದ ಮೇಲೂ ಕೂದಲಿಗೆ ಕಪ್ಪು ಬಳಿದೇ ಮಲಗು" ಅಂತ ಹೇಳಿಯೇಬಿಟ್ಟೆ. ಅವ ನಕ್ಕ. ನಗುವಾಗಲೂ ಕೈ ಎದೆಯ ಮೇಲೇ ಇತ್ತು.

ಮೊನ್ನೆ ಬುಧವಾರ ನನ್ನ ಆರ್ಡರ್ ಬಂತು. ದೊಡ್ಡಮ್ಮನಿಗೆ ಫೋನ್ ಮಾಡಿ ತಿಳಿಸಿದೆ. ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ದೊಡ್ಡಪ್ಪ ನನ್ನ ಆರ್ಡರನ್ನು ಎರಡು ಸಲ ಓದಿಸಿ ಕೇಳಿದ. ಆಮೇಲೆ ಕೈ ಚಾಚಿದ.

"ತಾ ಆ ಅರ್ಜಿ. ಎಪ್ಪತ್ತು ಅಂತ್ಲೇ ಬರಿ."

"ಈಗ ಬುದ್ಧಿ ಬಂತಾ?" ಅಂದೆ ನಾನು.

"ಸುಮ್ನಿರು ನೀನು" ಅಂದಳು ದೊಡ್ಡಮ್ಮ. "ನಿನ್ನಪ್ಪ ಹೋದ್ಮೇಲೂ ದೋಣಿಯಿಂದ ನಿಮ್ಮನೆಗೆ ಪಾಲು ಬರ್ತಿತ್ತಲ್ಲ, ಅದು ಯಾರು ಕಳ್ಸದು ಅಂದ್ಕಂಡೆ? ಸತ್ತವನ ಪಾಲು ಎತ್ತಿಡುದು ತಂಡೇಲನ ಮರ್ಜಿ. ಬೇರೆಯವ ಬಂದಿದ್ರೆ ನಿಲ್ಸ್‌ತಿದ್ದ. ನಿನಗೊಂದು ನೆಲೆ ಆಗುವವರೆಗೆ ಚುಕ್ಕಾಣಿ ಬಿಡೂದಿಲ್ಲ ಅಂತ ಕೂತಿದ್ರು ಇವ್ರು."

ನನ್ನ ಓದು, ಊಟ, ಈ ಕುರ್ಚಿ, ಎಲ್ಲ ಆ ಸುಳ್ಳಿನ ಮೇಲೆ ನಿಂತಿತ್ತು. ಅದನ್ನೇ ಹೇಳಿಕೊಂಡು ಇಷ್ಟು ವರ್ಷ ನಕ್ಕವಳು ನಾನು. ನಾಚಿಕೆಯಾಯಿತು. ಪೆನ್ನು ಹಿಡಿದೆ, ಅರ್ಜಿಯ ಗೆರೆಗಳೇ ಕಾಣಲಿಲ್ಲ.

"ಬೇಗ ಬರಿ ತಂಗೀ" ಅಂದ ದೊಡ್ಡಪ್ಪ. "ಇವಳಿಗೆ ತಮ್ಮನಾಗಿದ್ದು ಸಾಕಾಯ್ತು."