ಕ್ಲಬ್ಬಿಗೆ ಬಂದ ಸಂಬಂಧ

ಬರೆಯಲು ಕೂತು ಪೆನ್ನಿನ ಮುಚ್ಚಳ ತೆಗೆದೆನಷ್ಟೇ, ಮನೆಯ ಮುಂದಿನ ಸಿಟೌಟಿನಿಂದ ಕರೆ ಬಂತು. "ಚಾ ಉಂಟಾ?" ಚಾ ಕೊಟ್ಟು ಬಂದು ಒಂದು ಗೆರೆ ಬರೆದೆ. "ಸಕ್ಕರೆ ಕಮ್ಮಿ ಆಯ್ತಲ್ಲ!" ಸಕ್ಕರೆ ಕೊಟ್ಟು ಬರುವಷ್ಟರಲ್ಲಿ ಮಗಳು ಪೆನ್ನನ್ನು ಕಚ್ಚಿ, ನೀಲಿ ನಾಲಿಗೆ ಹೊರಗೆ ಹಾಕಿಕೊಂಡು ಕೂತಿದ್ದಳು. ಈ ಮನೆಯಲ್ಲಿ ನನಗೆ ಒಂದು ವಾಕ್ಯ ಪೂರ್ತಿ ಮಾಡಲು ಯಾರೂ ಬಿಡುವುದಿಲ್ಲ. ಮಾತಾಡಿದರೆ ನಡುವೆ ಬಾಯಿ ಹಾಕುತ್ತಾರೆ, ಬರೆದರೆ ನಡುವೆ ಚಾ ಕೇಳುತ್ತಾರೆ.

ಇದು ದಿನಾ ಇರುವುದೇ. ಆದರೆ ಈ ವರ್ಷ ಕಾರಣ ದೊಡ್ಡದಿತ್ತು. ಇಂಗ್ಲೆಂಡಿನ ಒಂದು ಫುಟ್ಬಾಲ್ ಕ್ಲಬ್ ಮಾರಾಟಕ್ಕೆ ಬಂದಿತ್ತು. ಗಲ್ಫಿನ ಒಬ್ಬ ಶೇಖ್ ಅದನ್ನು ಕೊಳ್ಳಲು ಹೊರಟಿದ್ದ. ಕೊಡಬೇಕಾ ಬೇಡವಾ ಎಂಬುದು ಬಂಟ್ವಾಳದ ನಮ್ಮ ಸಿಟೌಟಿನಲ್ಲಿ ತೀರ್ಮಾನ ಆಗಬೇಕಿತ್ತು.

ತೀರ್ಮಾನಿಸುವವರು ಮೂವರು. ಒಬ್ಬರು ನಮ್ಮವರು, ಕಲ್ಲಡ್ಕದಲ್ಲಿ ಟೈಲ್ಸ್ ಅಂಗಡಿ. ಇನ್ನೊಬ್ಬರು ಅವರ ದೋಸ್ತಿ, ಮೀನಿನ ಟೆಂಪೊ ಓಡಿಸುವವರು. ಮೂರನೆಯವರು ಬೆಳ್ತಂಗಡಿ ಕಡೆಯ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಮೂವರೂ ಆ ಕ್ಲಬ್ಬಿನ ಭಕ್ತರು. ಆ ಊರಿಗೆ ಹೋದವರು ಒಬ್ಬರೂ ಇಲ್ಲ. ಟೆಂಪೊದವರು ಕೊಚ್ಚಿಯವರೆಗೆ ಹೋಗಿದ್ದಾರೆ, ಅದೂ ಬಂಗುಡೆಯ ಒಟ್ಟಿಗೆ.

ಸವತಿ

ಒಂದು ದಿನ ಕೇಳಿಯೇ ಬಿಟ್ಟೆ, "ನಮ್ಮ ಕ್ಲಬ್, ನಮ್ಮ ಕ್ಲಬ್ ಅಂತೀರಲ್ಲ, ಅದರಲ್ಲಿ ನಿಮ್ಮ ಪಾಲು ಎಷ್ಟುಂಟು?"

"ಪಾಲಿನ ಪ್ರಶ್ನೆ ಅಲ್ಲ. ಅದು ಪ್ರೀತಿ. ನಿನಗೆ ಅರ್ಥ ಆಗುವುದಿಲ್ಲ" ಎಂದರು ನಮ್ಮವರು.

"ಎಷ್ಟು ವರ್ಷದ ಪ್ರೀತಿ?"

"ಒಂಬತ್ತನೇ ಕ್ಲಾಸಿನಿಂದ. ಒಂದು ದಿನವೂ ಮರೆತದ್ದಿಲ್ಲ. ಸೋತಾಗ ಎರಡು ದಿನ ಊಟ ಬಿಟ್ಟದ್ದುಂಟು."

ನಾನು ಹೆರಿಗೆಗೆ ಆಸ್ಪತ್ರೆಯಲ್ಲಿದ್ದಾಗ ಇದೇ ಮನುಷ್ಯ ಕ್ಯಾಂಟೀನಿನಲ್ಲಿ ಬಿರಿಯಾನಿ ತಿಂದು, ಚೆನ್ನಾಗಿತ್ತು ಎಂದು ನನಗೂ ಬಂದು ಹೇಳಿದ್ದರು. ಮಾಮಿ, ಎಂದರೆ ನನ್ನ ಅತ್ತೆ, ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೋಗಿ ಹೇಳಿದೆ, "ಮಾಮಿ, ನಿಮ್ಮ ಮಗನಿಗೆ ಮೊದಲೇ ಒಂದು ಸಂಸಾರ ಉಂಟು ಎಂದು ನೀವು ನನ್ನ ಉಮ್ಮನ ಹತ್ತಿರ ಹೇಳಬೇಕಿತ್ತು."

ಮಾಮಿ ತಲೆ ಎತ್ತಲಿಲ್ಲ. "ಹೇಳಿದರೆ ನೀನು ಬರುತ್ತಿದ್ದೆಯಾ?" ಎಂದರು.

ಅಂಗನವಾಡಿಯ ಗ್ರೈಂಡರ್

ಮಗಳನ್ನು ಕರೆದುಕೊಂಡು ಬರಲು ಅಂಗನವಾಡಿಗೆ ಹೋಗಿದ್ದೆ. ಟೀಚರ್ ಎಂದೂ ಇಲ್ಲದ ಹಾಗೆ ಕುರ್ಚಿ ಎಳೆದು, ಸೆರಗಿನಿಂದ ಅದರ ಧೂಳು ಒರೆಸಿ, "ಕೂತುಕೊಳ್ಳಿ" ಎಂದರು. ಮಗಳು ಯಾರನ್ನೋ ಕಚ್ಚಿರಬೇಕು ಎಂದುಕೊಂಡೆ.

"ನಿಮ್ಮ ಮನೆಯವರು ಇಷ್ಟು ದೊಡ್ಡ ಜನ ಎಂದು ನಮಗೆ ಗೊತ್ತೇ ಇರಲಿಲ್ಲ" ಎಂದರು ಟೀಚರ್.

ನಮ್ಮವರು ದೊಡ್ಡ ಜನ ಎಂದು ನನಗೂ ಗೊತ್ತಿರಲಿಲ್ಲ. "ಎಂತ ವಿಷಯ ಟೀಚರ್?"

"ಅಪ್ಪನಿಗೆ ಎಂತ ಕೆಲಸ ಎಂದು ಮಕ್ಕಳ ಹತ್ತಿರ ಕೇಳಿದೆ. ನಿಮ್ಮ ಮಗಳು ಹೇಳಿದಳು, ನಮ್ಮ ಉಪ್ಪ ಇಂಗ್ಲೆಂಡಿನ ಕ್ಲಬ್ಬನ್ನು ಶೇಖನಿಗೆ ಕೊಡಬೇಕಾ ಬೇಡವಾ ಎಂದು ನೋಡ್ತಿದ್ದಾರೆ ಅಂತ."

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಮುಂದುವರಿಸಿದರು. ಅಂಗನವಾಡಿಯ ಗ್ರೈಂಡರ್ ಹಾಳಾಗಿ ವರ್ಷವಾಯಿತಂತೆ. ಕಿಟಕಿಯ ಬಾಗಿಲು ಬಿದ್ದಿದೆಯಂತೆ. ವ್ಯವಹಾರ ಮುಗಿದ ಮೇಲೆ ಮಕ್ಕಳ ನೆನಪು ಇಟ್ಟುಕೊಂಡರೆ ಉಪಕಾರವಂತೆ.

ಮನೆಗೆ ಬಂದು ಹೇಳಿದರೆ ಮೂವರೂ ನಗಲಿಲ್ಲ. ಟೆಂಪೊದವರು ಗಂಭೀರವಾಗಿ ಹೇಳಿದರು, "ಶೇಖ್ ಬಂದರೆ ಒಂದು ಗ್ರೈಂಡರ್ ಎಂತ ದೊಡ್ಡ ವಿಷಯ, ತಂಗಿ? ಕೇಳುವ."

ತೋಡಾರಿನ ಹುಡುಗ

ನಡುವೆ ನಮ್ಮ ಮನೆಗೂ ಒಂದು ಸಂಬಂಧ ಬಂತು. ನನ್ನ ನಾದಿನಿಗೆ. ಅವಳು ಮೂಡುಬಿದಿರೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಾಳೆ. ಮಾವ ತೀರಿಹೋದ ಮೇಲೆ ಅವಳಿಗೆ ಅಣ್ಣನೇ ಎಲ್ಲ, ಎಂದರೆ ನಮ್ಮವರೇ. ದಲ್ಲಾಳಿಯ ಫೋನು ಬಂದದ್ದು ಸರಿಯಾಗಿ ಮ್ಯಾಚಿನ ಹಾಫ್ ಟೈಮಿಗೆ.

"ಹುಡುಗ ಹೇಗೆ?" ಎಂದು ಮಾಮಿ ಕೇಳಿದರು.

"ದುಬೈ" ಎಂದರು ನಮ್ಮವರು.

"ಗುಣ ಹೇಗೆ ಎಂದು ಕೇಳಿದ್ದು."

"ದುಬೈ ಎಂದೆನಲ್ಲ ಉಮ್ಮ! ತೋಡಾರಿನಲ್ಲಿ ಮೂರು ಅಂತಸ್ತಿನ ಮನೆ. ಇನ್ನೆಂತ ಬೇಕು?"

ಹುಡುಗನಿಗೆ ರಜೆ ಮುಗಿಯುತ್ತದಂತೆ. ಪರೀಕ್ಷೆಯವರೆಗೆ ಕಾಯಲಿಕ್ಕಾಗುವುದಿಲ್ಲವಂತೆ. ಮುಂದೆ ಕೆಲಸಕ್ಕೆ ಹೋಗಲಿಕ್ಕಿಲ್ಲದವಳಿಗೆ ಪರೀಕ್ಷೆ ಎಂತಕ್ಕೆ ಎಂದು ದಲ್ಲಾಳಿಯೇ ಕೇಳಿದರಂತೆ. ನಮ್ಮವರು ಹೌದೆಂದರಂತೆ.

ನಾದಿನಿ ಅಡಿಗೆಮನೆಯಲ್ಲಿ ತೊಳೆದ ಗ್ಲಾಸನ್ನೇ ಮತ್ತೆ ತೊಳೆಯುತ್ತಿದ್ದಳು. "ಮದುವೆ ಬೇಡ ಅಂತ ನಾನು ಹೇಳ್ತಿಲ್ಲ ಅತ್ತಿಗೆ. ಪರೀಕ್ಷೆ ಒಂದು ಮುಗಿಯಲಿ. ಅಷ್ಟೇ" ಎಂದಳು.

ನನ್ನನ್ನು ಹತ್ತನೇ ಕ್ಲಾಸಿಗೆ ನಿಲ್ಲಿಸಿದಾಗಲೂ ಹೀಗೇ ಆಗಿತ್ತು. ಯಾರೋ ಬಂದರು, ಚಾ ಕುಡಿದರು. ಗ್ಲಾಸು ಕೆಳಗಿಡುವಾಗ ನನ್ನ ಶಾಲೆ ಮುಗಿದಿತ್ತು. ಹಾಗಾಗಿ ಸೀದಾ ಸಿಟೌಟಿಗೆ ಹೋದೆ. "ನೋಡಿ, ಹುಡುಗಿಯ ವಿಷಯ ಸ್ವಲ್ಪ ಕೂತು ಮಾತಾಡಬೇಕು."

"ಮಾತಾಡುವ, ಮಾತಾಡುವ" ಎಂದರು ಟಿವಿಯಿಂದ ಕಣ್ಣು ತೆಗೆಯದೆ. "ಈಗ ಸೆಕೆಂಡ್ ಹಾಫ್ ಶುರು ಆಯ್ತು. ಶೇಖನ ವಿಷಯವೇ ಇನ್ನೂ ಮಾತಾಡಿ ಮುಗಿದಿಲ್ಲ."

ಹೂವಿನ ಪೂಜೆ

ಮೇಷ್ಟ್ರಿಗೆ ಶೇಖನ ಮೇಲೆ ಮೊದಲಿನಿಂದಲೂ ಸಂಶಯ. ಕೊಳ್ಳುವವರು ಯಾರೇ ಆಗಲಿ, ಕ್ಲಬ್ ಒಳ್ಳೆಯ ಕೈಗೆ ಹೋಗಲಿ ಎಂದು ಪೊಳಲಿಯ ದೇವಿ ದೇವಸ್ಥಾನಕ್ಕೆ ಹೋಗಿ ಒಂದು ಹೂವಿನ ಪೂಜೆ ಮಾಡಿಸಿ ಬಂದರು. ಬಂದ ಮೇಲೆ ನಡೆದದ್ದನ್ನು ಅವರೇ ಹೇಳಿದರು.

"ರಶೀದಿಯವರು ಯಾರ ಹೆಸರಿನಲ್ಲಿ ಎಂದು ಕೇಳಿದರು, ಮಾರಾಯ್ರೆ. ನಾನು ಕ್ಲಬ್ಬಿನ ಹೆಸರು ಹೇಳಿದೆ. ಅವರು ತಲೆ ಎತ್ತಿ ನೋಡಿದರು. ನಕ್ಷತ್ರ ಯಾವುದು ಎಂದರು. ಸ್ಥಾಪನೆಯಾದ ವರ್ಷ ಗೊತ್ತುಂಟು, ನಕ್ಷತ್ರ ನಮಗೆ ಹೇಗೆ ಗೊತ್ತಿರಬೇಕು?"

"ಮತ್ತೆ ಎಂತ ಮಾಡಿದಿರಿ?"

"ಹಿಂದೆ ಸಾಲು ಬೆಳೆಯುತ್ತಿತ್ತು. ಗಾಬರಿಯಲ್ಲಿ ಹೆಂಡತಿಯ ಹೆಸರು, ಹೆಂಡತಿಯ ನಕ್ಷತ್ರ ಕೊಟ್ಟುಬಿಟ್ಟೆ. ಮನಸ್ಸಿನಲ್ಲಿ ಕ್ಲಬ್ಬನ್ನೇ ಇಟ್ಟುಕೊಂಡಿದ್ದೆ. ದೇವಿಗೆ ಗೊತ್ತಾಗ್ತದೆ."

ದೇವಿಗೆ ಏನು ಗೊತ್ತಾಯಿತೋ, ಹೆಂಡತಿಗೆ ರಶೀದಿ ಸಿಕ್ಕಿತು. ಮದುವೆಯಾದಂದಿನಿಂದ ಗಂಡ ತನ್ನ ಹೆಸರಿನಲ್ಲಿ ಒಂದು ಕಾಯಿಯನ್ನೂ ಒಡೆಸಿದವರಲ್ಲ. ಆಕೆ ಕಣ್ಣು ಒರೆಸಿಕೊಂಡರಂತೆ. ಮರುದಿನ ನೀರುದೋಸೆ, ಕೋಳಿ ಸಾರು. ಅದರ ಮರುದಿನ ಶ್ಯಾವಿಗೆ ಪಾಯಸ.

"ನಿಜ ಹೇಳಿದಿರಾ?" ಎಂದು ಕೇಳಿದೆ.

"ಹುಚ್ಚಾ?" ಎಂದರು ಮೇಷ್ಟ್ರು. "ಕ್ಲಬ್ ಯಾರಿಗೆ ಬೇಕಾದರೂ ಹೋಗಲಿ. ಇನ್ನು ತಿಂಗಳಿಗೆ ಒಂದು ಪೂಜೆ ಮಾಡಿಸ್ತೇನೆ."

ಗುಟ್ಟಿನ ವಿಚಾರಣೆ

ಕೊನೆಗೆ ಮೂವರಿಗೂ ಒಂದು ವಿಷಯ ಹೊಳೆಯಿತು. ಹಣ ಉಂಟು ಎಂದು ಕಣ್ಣು ಮುಚ್ಚಿ ಕೊಡಲಿಕ್ಕೆ ಆಗುತ್ತದಾ? ಮನುಷ್ಯ ಹೇಗೆ ಎಂದು ವಿಚಾರಿಸುವುದು ಬೇಡವಾ? ಮಾಮಿಯ ತಮ್ಮ ಬಹಳ ವರ್ಷದಿಂದ ಆ ಶೇಖನ ಊರಿನಲ್ಲೇ ಸೂಪರ್ ಮಾರ್ಕೆಟಿನಲ್ಲಿ ಕೆಲಸಕ್ಕಿದ್ದಾರೆ. ನಮ್ಮವರು ಅವರಿಗೆ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳುಹಿಸಿದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

"ಮಾಮ, ನಿಮ್ಮಲ್ಲಿಯ ಒಂದು ದೊಡ್ಡ ಪಾರ್ಟಿ ಕೇಳಿಕೊಂಡು ಬಂದಿದೆ." ಶೇಖನ ಹೆಸರು ಹೇಳಿದರು. "ಹಣ ಲೆಕ್ಕ ಇಲ್ಲದಷ್ಟು ಉಂಟು. ಆದರೆ ಮನುಷ್ಯ ಹೇಗೆ, ನಂಬಿ ಕೊಡಬಹುದಾ? ಗುಟ್ಟಾಗಿ ವಿಚಾರಿಸಿ ಹೇಳಿ."

ಕ್ಲಬ್ ಎಂಬ ಮಾತು ಅದರಲ್ಲಿ ಇರಲೇ ಇಲ್ಲ. ಲೋಕದಲ್ಲಿ ಬೇರೆ ಏನಾದರೂ ಕೊಡುವಂಥದ್ದು ಉಂಟು ಎಂದು ನಮ್ಮವರಿಗೆ ನೆನಪಿದ್ದರೆ ತಾನೇ? ಆದರೆ ಮಾಮನಿಗೆ ನೆನಪಿತ್ತು. ಮದುವೆಯ ವಯಸ್ಸಿಗೆ ಬಂದ ಅಕ್ಕನ ಮಗಳೊಬ್ಬಳು ಈ ಮನೆಯಲ್ಲಿ ಇದ್ದಾಳೆ.

ಮರುದಿನ ಮಾಮಿಗೆ ತಮ್ಮನ ಫೋನು ಬಂತು. ಆ ಬೊಬ್ಬೆ ನನಗೆ ಬಾವಿಕಟ್ಟೆಗೆ ಕೇಳುತ್ತಿತ್ತು. "ನಿಮಗೆಲ್ಲ ತಲೆ ಸರಿ ಉಂಟಾ? ಆ ಮನುಷ್ಯನಿಗೆ ಅರವತ್ತು ದಾಟಿದೆ! ಮನೆಯಲ್ಲಿ ಇಬ್ಬರು ಹೆಂಡತಿಯರಿದ್ದಾರೆ! ಮೊಮ್ಮಕ್ಕಳಿಗೇ ಮದುವೆ ಆಗಿದೆ!"

ಮಾಮಿಗೆ ಶೇಖನ ವಿಷಯ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ತೋಡಾರಿನ ಹುಡುಗ ಒಬ್ಬನೇ. ಫೋನು ಇಟ್ಟು ಗೋಡೆ ಹಿಡಿದುಕೊಂಡು ಕೂತರು. "ಫೋಟೋದಲ್ಲಿ ಇಪ್ಪತ್ತೇಳರ ಹಾಗೆ ಕಂಡನಲ್ಲ! ಈಗಿನ ಮೊಬೈಲು ಎಂತೆಂತ ಮಾಡ್ತದೆ ನೋಡು!"

ಸಂಜೆ ನಮ್ಮವರು ಬಂದು ಬಿಡಿಸಿ ಹೇಳುವಷ್ಟರಲ್ಲಿ ಮಾಮಿ ಎರಡು ಸಲ ಅತ್ತು, ದಲ್ಲಾಳಿಯ ಮನೆತನಕ್ಕೆಲ್ಲ ಶಾಪ ಹಾಕಿ ಆಗಿತ್ತು. ನಾದಿನಿ ಮಾತ್ರ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಮತ್ತೆ ಸಿಟೌಟಿನಲ್ಲಿ ವಿಚಾರಣೆಯ ವರದಿ ಒಪ್ಪಿಸಿದ್ದಾಯಿತು. ಇಬ್ಬರು ಹೆಂಡತಿಯರು ಎಂದಾಗ ಮೇಷ್ಟ್ರು ಮುಖ ಸಣ್ಣ ಮಾಡಿದರು. ಟೆಂಪೊದವರು ಮಾತ್ರ ಎದ್ದು ಕೂತರು. "ಇಬ್ಬರು ಹೆಂಡತಿಯರನ್ನು ಒಂದೇ ಮನೆಯಲ್ಲಿ ಸುಧಾರಿಸಿದವನಾ? ಹಾಗಾದರೆ ಹನ್ನೊಂದು ಜನ ಆಟಗಾರರು ಅವನಿಗೆ ಎಂತದೂ ಅಲ್ಲ. ಕೊಡುವ!"

ಗೇಟಿನ ಹತ್ತಿರ

ಶೇಖ್ ಕೊನೆಗೆ ಕ್ಲಬ್ಬನ್ನು ಕೊಳ್ಳಲಿಲ್ಲ. ಸುದ್ದಿ ಬಂದ ದಿನ ಟೆಂಪೊದವರು ನಮ್ಮ ಮನೆಗೆ ಮರಣದ ಮನೆಗೆ ಬಂದ ಹಾಗೆ ಬಂದು, ಕೊಟ್ಟ ಚಾ ಮುಟ್ಟದೆ ಎದ್ದು ಹೋದರು. ನಾದಿನಿಯ ಮದುವೆಯೂ ಪರೀಕ್ಷೆಯ ಆಚೆಗೆ ಹೋಯಿತು. ಈಗ ಬೆಳಿಗ್ಗೆ ಮೂಡುಬಿದಿರೆಯ ಬಸ್ಸಿಗೆ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡು ಓಡುತ್ತಾಳೆ. ಮದುವೆಯನ್ನು ಮುಂದಕ್ಕೆ ಹಾಕಿದ್ದು ಅವಳ ಅಣ್ಣನಲ್ಲ, ನನ್ನ ಬಾಯಿಯೂ ಅಲ್ಲ. ತೋಡಾರಿನವರೇ, ಅವಸರ ಬೇಡ ಎಂದು ಹೇಳಿ.

ಆದದ್ದು ಹೀಗೆ. ಮಾಮ ಇರುವುದು ಗಲ್ಫಿನ ಒಂದು ರೂಮಿನಲ್ಲಿ. ಒಂದು ರೂಮು ಎಂದರೆ ನಮ್ಮ ಊರ ಕಡೆಯವರೇ ತುಂಬಿದ ಅರ್ಧ ಜಿಲ್ಲೆ. ಅಕ್ಕನ ಮಗಳನ್ನು ಮುದುಕನಿಗೆ ಕೊಡುತ್ತಾರೆ ಎಂದು ಅವರು ಅಲ್ಲಿ ತಲೆ ಚಚ್ಚಿಕೊಂಡದ್ದು, ಅದು ಹಾಗಲ್ಲ ಎಂದು ಅವರಿಗೆ ತಿಳಿಯುವ ಮೊದಲೇ ತೋಡಾರಿಗೆ ಬಂದು ಮುಟ್ಟಿತ್ತು. ಹುಡುಗನ ತಂದೆ ಯಾರಿಗೂ ಹೇಳದೆ, ಸ್ವತಃ ಕೇಳಿ ಹೋಗುವ ಎಂದು ರಿಕ್ಷಾ ಮಾಡಿಕೊಂಡು ಬಂದರು.

ನಾನು ಮಗಳನ್ನು ಸೊಂಟದಲ್ಲಿಟ್ಟುಕೊಂಡು ಗೇಟಿನ ಹತ್ತಿರ ಕಸಕ್ಕೆ ಬೆಂಕಿ ಹಾಕುತ್ತಿದ್ದೆ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಹೆಸರು ಹೇಳಿದ ಕೂಡಲೇ ಯಾರೆಂದು ಗೊತ್ತಾಯಿತು. "ಬನ್ನಿ ಕಾಕ, ಒಳಗೆ ಬನ್ನಿ" ಎಂದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಸಿಟೌಟಿನಲ್ಲಿ ಮೂವರು ನಮಗೆ ಬೆನ್ನು ಹಾಕಿ ಮೊಬೈಲು ನೋಡುತ್ತಾ ಮಾತಾಡುತ್ತಿದ್ದರು.

"ಅರಬಿಗೇ ಕೊಟ್ಟುಬಿಡುವ, ಮಾರಾಯ" ಎಂದರು ಟೆಂಪೊದವರು. "ಇಷ್ಟು ವರ್ಷ ಇಟ್ಟುಕೊಂಡವರು ಎಂತ ಚಂದ ನೋಡಿಕೊಂಡಿದ್ದಾರೆ?"

"ಎರಡು ವರ್ಷದಲ್ಲಿ ಬೇಸರ ಬಂದು ಬಿಟ್ಟು ಹೋದರೆ?" ಎಂದರು ಮೇಷ್ಟ್ರು.

"ಬಿಟ್ಟರೆ ಬಿಡಲಿ! ಬೇರೆ ಯಾರಾದರೂ ತೆಗೆದುಕೊಳ್ತಾರೆ" ಎಂದರು ನಮ್ಮವರು. "ಇಷ್ಟು ರೇಟು ಕೊಡುವವರು ಇನ್ನು ಯಾರು ಬರ್ತಾರೆ?"

ಮುದುಕರು ವಾಪಸು ಹೊರಡಲು ತಿರುಗಿದರು. ನನಗೆ ತಡೆಯಲಿಲ್ಲ. "ಕಾಕ, ಅದು ಹುಡುಗಿಯ ವಿಷಯ ಅಲ್ಲ. ಫುಟ್ಬಾಲ್."

"ಎಂತದು?"

"ಇಂಗ್ಲೆಂಡಿನ ಒಂದು ಕ್ಲಬ್ಬು. ಶೇಖ್ ತೆಗೆದುಕೊಳ್ತೇನೆ ಅಂತಿದ್ದಾನೆ. ಇವರು ಕೊಡಬೇಕಾ ಬೇಡವಾ ಎಂದು ನೋಡ್ತಿದ್ದಾರೆ."

"ಕ್ಲಬ್ಬು ಇವರದ್ದಾ?"

"ಅಲ್ಲ."

"ಮತ್ತೆ?"

"ಮತ್ತೆ ಎಂತದೂ ಇಲ್ಲ ಕಾಕ."

ಅವರು ನನ್ನ ಮುಖ ನೋಡಿದರು. ಶಬ್ದ ಬರದ ಹಾಗೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ನಾವು ನಗುವುದು ನೋಡಿ ಮಗಳೂ ನಕ್ಕಳು. ಅಲ್ಲಿ ಸಿಟೌಟಿನಲ್ಲಿ ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಆ ಮನುಷ್ಯನ ಹಿಂದಿನ ವ್ಯವಹಾರ ಹೇಗಿತ್ತು, ಕೈಕೆಳಗಿನವರನ್ನು ಹೇಗೆ ನೋಡಿಕೊಳ್ಳುತ್ತಾನೆ, ಸಿಟ್ಟಿನವನಾ, ಕೊಟ್ಟ ಮಾತಿಗೆ ನಿಲ್ಲುತ್ತಾನಾ, ಎಲ್ಲ ನಾಲ್ಕು ಕಡೆ ಕೇಳಿ ಆಮೇಲೆ ಕೊಡಬೇಕು. ಅವಸರ ಮಾಡಬಾರದು.

ಮುದುಕರು ನಗು ನಿಲ್ಲಿಸಿ ಅದನ್ನೆಲ್ಲ ಕೇಳಿದರು. ಒಳ್ಳೆಯ ಮಾತು ಎನ್ನುವ ಹಾಗೆ ತಲೆಯಾಡಿಸಿದರು. ಮತ್ತೆ ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

"ಅಲ್ಲ ಮಗಳೇ, ನನ್ನ ಮಗನ ವಿಷಯ ಇವರು ಯಾರ ಹತ್ತಿರ ವಿಚಾರಿಸಿದ್ದಾರೆ?"