ತಿಪ್ಪೇಸ್ವಾಮಿಯ ಜೀನ್ಸ್ ಆಕಾಶ

"ಆಕಾಶ ಕಳಚಿ ಬಿದ್ರೂ ಸರಿ, ಈ ಭಾನುವಾರ ನಮ್ಮ ಮನ್ಯಾಗ ತಾರಾಲಯ ನಡದ ನಡಿತೈತಿ!"

ತಿಪ್ಪೇಸ್ವಾಮಿ ಈ ಘೋಷಣೆ ಮಾಡಿದ್ದು ಯಾವ ವೇದಿಕೆಯ ಮೇಲೂ ಅಲ್ಲ. ಬಳ್ಳಾರಿಯ ತನ್ನ ಮನೆಯ ಅಡುಗೆಮನೆ ಹೊಸ್ತಿಲ ಮೇಲೆ, ಒಂದು ಕೈಯಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆ, ಇನ್ನೊಂದರಲ್ಲಿ ಅರ್ಧ ಕಚ್ಚಿದ ಮಿರ್ಚಿ ಬಜ್ಜಿ ಹಿಡಿದು. ಸಭಿಕರು ಇಬ್ಬರೇ. ತಾಯಿ ವಿರೂಪಮ್ಮನಿಗೆ ತಾರಾಲಯವೆಂದರೆ ಯಾವ ದೇವರ ಗುಡಿಯೋ ತಿಳಿಯಲಿಲ್ಲ. ಆದರೂ ಇರಲಿ ಎಂದು ಕೈಮುಗಿದಳು. ಹೆಂಡತಿ ಕಾವೇರಿಗೆ ಚೆನ್ನಾಗಿಯೇ ತಿಳಿಯಿತು. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಆಕೆ ಕೈಮುಗಿಯಲಿಲ್ಲ.

ಗಂಡ ಹೆಂಡಿರ ಜಗಳದ ಬೇರು ಇದ್ದದ್ದೇ ಅಲ್ಲಿ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ಕಾವೇರಿಯ ಸ್ವಂತ ಮಗಳು ಚೈತ್ರಾ ಶಾಲೆಗೇ ಹೋಗುತ್ತಿರಲಿಲ್ಲ! ಯಾವುದೋ ವಿಡಿಯೋ ನೋಡಿ ಜ್ಞಾನೋದಯವಾದ ತಿಪ್ಪೇಸ್ವಾಮಿ ಮಗಳನ್ನು ಶಾಲೆ ಬಿಡಿಸಿ, ಹೋಂ ಸ್ಕೂಲಿಂಗ್ ಶುರು ಮಾಡಿ, ತಾನೇ ಹೆಡ್‌ಮಾಸ್ಟರಾಗಿದ್ದ. ಕೌಲ್ ಬಜಾರಿನಲ್ಲಿ ಅವನದೊಂದು ಜೀನ್ಸ್ ಹೊಲಿಯುವ ಘಟಕ. ಬೆಳಿಗ್ಗೆ ಮಗಳಿಗೆ ಪಾಠ, ಮಧ್ಯಾಹ್ನ ಊರಿಗೆ ಪ್ಯಾಂಟು.

"ಸಾಲ್ಯಾಗ ಮಕ್ಕಳ ಬಾಯಿ ಮುಚ್ಚಸ್ತಾರ. ನಮ್ಮ ಮನ್ಯಾಗ ಯಾವ ಪ್ರಶ್ನಿಗೂ ಬೇಲಿ ಇಲ್ಲ!" ಎಂಬುದು ಅವನ ದಿನನಿತ್ಯದ ಮಂತ್ರ.

"ಸ್ಟಾಫ್ ರೂಮಿನಾಗ ನನ್ನ ಏನಂತ ಕೇಳ್ತಾರ ಗೊತ್ತೈತೇನು? 'ಟೀಚರಮ್ಮಾ, ನಿಮ್ಮ ಅಡಿಗಿ ನಿಮ್ಮ ಮನಿಯವ್ರ ಉಣ್ಣಂಗಿಲ್ಲಂತಲ್ಲ' ಅಂತಾರ," ಎಂದಳು ಕಾವೇರಿ. "ಆತು, ಒಂದು ಮಾತು. ನಿಮ್ಮ ಷೋ ಸುಸೂತ್ರ ನಡದ್ರ ಚೈತ್ರಾ ಮನ್ಯಾಗ ಓದ್ಲಿ, ನಾ ತುಟಿ ಬಿಚ್ಚಂಗಿಲ್ಲ. ಕೆಟ್ಟಿತೋ, ಮರುದಿನ ಸೋಮವಾರ ರಜಾ ಮುಗದು ಸಾಲಿ ಸುರು ಆಗ್ತೈತಿ, ನನ್ನ ಸ್ಕೂಟಿ ಹಿಂದ ಚೈತ್ರಾ ಕುಂತು ಬರಬೇಕು."

"ಕಬೂಲ್! ಬಿಲ್ಕುಲ್ ಕಬೂಲ್!" ಎಂದ ತಿಪ್ಪೇಸ್ವಾಮಿ, ಉಳಿದರ್ಧ ಮಿರ್ಚಿಯನ್ನು ಬಾಯಿಗೆಸೆದು.

ಗಾಳಿ ತುಂಬುವ ಗುಡಾರದ ತಾರಾಲಯ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಆದರೆ ಬಳ್ಳಾರಿಯ ಜೀನ್ಸ್ ದೊರೆ ಬಾಡಿಗೆ ಆಕಾಶದಡಿ ಕೂರುವುದೇ? ಅವಮಾನ! ತನ್ನ ಘಟಕದಲ್ಲೇ, ತನ್ನ ಬಟ್ಟೆಯ ಥಾನುಗಳಲ್ಲೇ, ತನ್ನ ಮಷಿನ್ನುಗಳಲ್ಲೇ ಆಕಾಶ ಹೊಲಿಸಲು ನಿರ್ಧರಿಸಿದ.

"ಡೆನಿಮ್ ನೋಡು ಕಾವೇರಿ! ಹೊರಮೈ ಕಡುನೀಲಿ, ಬೆಳಕು ಒಳಗ ಬರಂಗಿಲ್ಲ. ಒಳಮೈ ಬೆಳ್ಳಗ, ಚುಕ್ಕಿ ಚಂದ ಮೂಡ್ತಾವ. ಬ್ರಹ್ಮ ಇದನ್ನ ತಾರಾಲಯಕ್ಕಂತನ ಮಾಡ್ಯಾನ. ಅದ್ರಾಗ ಪ್ಯಾಂಟ್ ಹೊಲಿಯಾಕತ್ತಿದ್ದು ಮನುಷ್ಯಾನ ತಪ್ಪು!"

ಹೊಲಿದದ್ದಾಯಿತು. ಹೊಲಿದ ಮಾಲನ್ನು ಒಗೆಸಬೇಕೆಂಬುದು ಆ ಧಂದೆಯ ಮೊದಲ ಪಾಠ; ಹೊಸ ಡೆನಿಮ್ ನೀರು ಕಂಡರೆ ಬಣ್ಣ ಬಿಡುತ್ತದೆ. "ಮೊದಲನೇ ಸಲ ಬ್ಯಾರೆ ಒಗೀರಿ" ಎಂದು ಪ್ರತಿ ಗಿರಾಕಿಗೂ ಉಪದೇಶಿಸುತ್ತಿದ್ದವನು ಸಾಕ್ಷಾತ್ ತಿಪ್ಪೇಸ್ವಾಮಿಯೇ. ಆದರೆ ಪ್ಯಾಂಟನ್ನು ಒಗೆಯಬಹುದು, ಆಕಾಶವನ್ನು ಯಾರಾದರೂ ಒಗೆಯುತ್ತಾರೆಯೇ? ಬರೀ ಒಣಗಾಳಿ ತುಂಬುವ ಗುಡಾರಕ್ಕೆ ನೀರಿನ ಭಯವೆಲ್ಲಿ? ಗಾಳಿಗೆಂದು ಘಟಕದ ಎರಡು ದೈತ್ಯ ಕೂಲರ್‌ಗಳು ಬಂದವು. ಅಲ್ಯೂಮಿನಿಯಂ ಪಾತ್ರೆಯೊಂದಕ್ಕೆ ಜೀನ್ಸಿಗೆ ಗುಂಡಿ ಕೂರಿಸುವ ಯಂತ್ರದಿಂದ ತೂತು ಹೊಡೆದು, ಒಳಗೊಂದು ಬಲ್ಬು ಇಟ್ಟ. ನಕ್ಷತ್ರಲೋಕ ಸಿದ್ಧ!

ಭಾನುವಾರ ಷೋ ನೋಡಲು, ತಿಪ್ಪೇಸ್ವಾಮಿಯಂತೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಹೋಂ ಸ್ಕೂಲಿಂಗ್ ಬಳಗದ ಕುಟುಂಬಗಳು ಬಂದಿಳಿದವು. ಸಿರುಗುಪ್ಪದಿಂದ ಸಂಘಮಿತ್ರಾ ತನ್ನ ಅವಳಿ ಮಕ್ಕಳೊಂದಿಗೆ ಬಂದಳು. ಕುರುಗೋಡಿನಿಂದ ಚನ್ನಬಸವರಾಜ ಹೆಂಡತಿ-ಮಕ್ಕಳ ಸಮೇತ ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅವರ ಬಿಳಿ ಪಂಚೆ, ಬಿಳಿ ಅಂಗಿ ಮೇ ತಿಂಗಳ ಬಿಸಿಲಿಗೇ ಕಣ್ಣು ಕುಕ್ಕುವಂತಿದ್ದವು.

"ಬೆಂಗಳೂರು ತಾರಾಲಯ ನೋಡೀನ್ರಿ ನಾ," ಎಂದರು ಅವರು, ಅಂಗಳ ತುಂಬಿ ಉಬ್ಬಿ ನಿಂತ ನೀಲಿ ಗುಡಾರವನ್ನು ಮೇಲಿಂದ ಕೆಳಗೆ ಅಳೆಯುತ್ತ.

"ಅದು ಸಿಮೆಂಟಿಂದು. ಇದು ಉಸಿರಾಡ್ತೈತ್ರಿ!" ಎಂದ ತಿಪ್ಪೇಸ್ವಾಮಿ.

ನಿಜಕ್ಕೂ ಉಸಿರಾಡುತ್ತಿತ್ತು. ಅಷ್ಟರಲ್ಲಿ ವಿರೂಪಮ್ಮ ಕೂಲರಿನ ಬಳಿ ಹಾದುಹೋದಳು. ಒಳಗೆ ಇಣುಕಿದಳು. ಒಣ ಕೂಲರ್! ಬಳ್ಳಾರಿಯ ಬಿಸಿಲಲ್ಲಿ, ಬೀಗರಂತೆ ದೂರದಿಂದ ಬಂದವರಿಗೆ ಒಣ ಕೂಲರ್ ಹಚ್ಚುವುದೇ? ಈ ಊರಿನಲ್ಲಿ ದೇವರಿಗೆ ದೀಪ ಹಚ್ಚುವುದನ್ನು ಮರೆತಾರು, ಕೂಲರಿಗೆ ನೀರು ಹಾಕುವುದನ್ನು ಮರೆಯುವವರಿಲ್ಲ. "ನಮ್ಮ ತಿಪ್ಪೇಶಿಗೆ ಬುದ್ಧಿ ಎಲ್ಲೈತಿ!" ಎನ್ನುತ್ತ ಕೊಡದ ಮೇಲೆ ಕೊಡ ಸುರಿದಳು. ಮರ್ಯಾದೆಗೆ ಕಮ್ಮಿಯಾಗದಿರಲೆಂದು ಮೇಲಿಷ್ಟು ಐಸನ್ನೂ ಹಾಕಿದಳು.

ಇದನ್ನು ಕಂಡದ್ದು ಚೈತ್ರಾ ಒಬ್ಬಳೇ. ಬಂದವರನ್ನೆಲ್ಲ ಕೂರಿಸಿ ಅಪ್ಪ ಪೀಠಿಕೆ ಹಾಕುತ್ತಿದ್ದ ಗುಡಾರದೊಳಕ್ಕೆ ಓಡಿಬಂದಳು.

"ಅಪ್ಪಾ, ಅಜ್ಜಿ ಕೂಲರಿಗೆ..."

"ಏನರ ಇದ್ರ ಆಮ್ಯಾಲ ಕೇಳವಾ. ದೊಡ್ಡವ್ರು ಹೇಳುವಾಗ ನಡುವ ಬಾಯಿ ಹಾಕಬ್ಯಾಡ!"

ಕತ್ತಲಲ್ಲಿ ಕುಳಿತಿದ್ದ ಕಾವೇರಿ ಕೆಮ್ಮಿದಳು. ತಿಪ್ಪೇಸ್ವಾಮಿಗೆ ಕೇಳಿಸಲಿಲ್ಲ.

ಬಲ್ಬು ಹತ್ತಿತು. ಆಹಾ! ಡೆನಿಮ್ಮಿನ ಒಳಮೈ ತುಂಬ ಚುಕ್ಕಿಗಳು ಅರಳಿದವು. ಮಕ್ಕಳು "ಹೋ" ಎಂದರು. ಚನ್ನಬಸವರಾಜರೂ "ಪರವಾಗಿಲ್ಲ" ಎಂದರು. ತಿಪ್ಪೇಸ್ವಾಮಿಯ ಕಂಠ ದೇವದುಂದುಭಿಯಂತೆ ಮೊಳಗಿತು: "ಇಗೋ ಸಪ್ತರ್ಷಿಗಳು! ಅಗೋ ಧ್ರುವ! ಧ್ರುವ ಇದ್ದ ಜಾಗ ಬಿಟ್ಟು ಕದಲಂಗಿಲ್ಲ!"

ಧ್ರುವ ಕದಲಿದ. ಕೊಂಚ ಕೆಳಗೇ ಬಂದ.

"ಅಣ್ಣಾ," ಎಂದಳು ಸಂಘಮಿತ್ರಾ, "ಮಳಿ ಹನಿದಂಗ ಆಗಾಕತ್ತೈತಲ್ಲ?"

"ಉಲ್ಕಾಪಾತ ತಂಗೀ!"

"ಉಲ್ಕಿ ಭಾಳ ತಣ್ಣಗ ಅದಾವ್ರೀ!" ಎಂದು ಚನ್ನಬಸವರಾಜ ಬೋಳುತಲೆ ಒರೆಸಿಕೊಂಡರು.

ಎರಡು ಕೂಲರ್‌ಗಳು ಐಸುನೀರಿನ ತುಂತುರನ್ನು ಶಕ್ತಿಮೀರಿ ಒಳಗೆ ಉಗುಳುತ್ತಿದ್ದವು. ಡೆನಿಮ್ ಆ ನೀರನ್ನೆಲ್ಲ ಗಟಗಟನೆ ಕುಡಿಯಿತು, ಕುಡಿದು ಭಾರವಾಯಿತು, ಭಾರವಾಗಿ ಬಾಗಿತು. ಹಾಲುಹಾದಿ ತಲೆಗೆ ತಾಗಿತು. ಸಪ್ತರ್ಷಿಗಳು ಹೆಗಲ ಮೇಲೆ ಕುಳಿತರು. "ಯಾರೂ ಗಾಬರಿ ಆಗಬ್ಯಾಡ್ರಿ, ಇದೂ ಷೋದಾಗ ಐತಿ!" ಎಂದು ತಿಪ್ಪೇಸ್ವಾಮಿ ಕೂಗುವುದಕ್ಕೂ, ಕಳಚಿ ಬಿದ್ದರೂ ಸರಿ ಎಂದು ಅವನೇ ಹೇಳಿದ್ದ ಆಕಾಶ ಒದ್ದೆ ಕಂಬಳಿಯಂತೆ ದೊಪ್ಪನೆ ಎಲ್ಲರ ಮೇಲೆ ಬೀಳುವುದಕ್ಕೂ ಸರಿಹೋಯಿತು!

ಕೆಳಗೆ ತೆವಳಾಟ, ಕಿರುಚಾಟ, ಕೇಕೆ. ಒಬ್ಬೊಬ್ಬರಾಗಿ ಹೊರಗೆ ಬಂದರು. ಬಂದವರೆಲ್ಲ ನೀಲಿ! ಮೂಗು ನೀಲಿ, ಕಿವಿ ನೀಲಿ, ಅವಳಿಗಳಲ್ಲಿ ಯಾರು ಯಾರೆಂದು ಹೆತ್ತ ತಾಯಿಗೇ ಗುರುತು ಹತ್ತದಷ್ಟು ನೀಲಿ. ಚನ್ನಬಸವರಾಜರ ಬಿಳಿ ಪಂಚೆಯ ಮೇಲೆ ಇಡೀ ಬ್ರಹ್ಮಾಂಡದ ನಕ್ಷೆ ಮೂಡಿತ್ತು.

ವಿರೂಪಮ್ಮ ಬಾಯಿಗೆ ಸೆರಗು ಹಚ್ಚಿದಳು. "ಯಪ್ಪಾ! ಕೃಷ್ಣ ಪರಮಾತ್ಮರ ಸಂತಿ ನೆರದಂಗ ಐತಲ್ಲೋ!"

"ಇದೇನ್ರೀ ತಿಪ್ಪೇಸ್ವಾಮಿ!" ಚನ್ನಬಸವರಾಜ ಗುಡುಗಿದರು.

ಮಕ್ಕಳು ಮಾತ್ರ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕುಣಿಯುತ್ತಿದ್ದರು. ಕಾವೇರಿ ನೀಲಿ ಕೈಯನ್ನು ಸೊಂಟಕ್ಕಿಟ್ಟು, ಕ್ಲಾಸಿನ ದನಿ ತೆಗೆದಳು.

"ಯಾಕ ಬಿತ್ತು? ಯಾರು ಹೇಳ್ತೀರಿ?"

"ನಾ ಹೇಳ್ತೀನಿ," ಎಂದಳು ಚೈತ್ರಾ. "ಅಪ್ಪ ಒಣಗಾಳಿ ಅಂತ ತಿಳಿದಿದ್ದ. ಅಜ್ಜಿ ನೀರು ಹಾಕಿದ್ಲು. ಗಾಳಿ ಹಸಿ ಆತು, ಬಟ್ಟಿ ನೀರು ಕುಡಿದು ಭಾರ ಆತು, ಅಷ್ಟು ಭಾರ ಎತ್ತೋ ತಾಕತ್ತು ಕೂಲರ್ ಗಾಳಿಗೆ ಇಲ್ಲ. ಡೆನಿಮ್ ಒಗದಿರ್ಲಿಲ್ಲ, ಅದಕ್ಕ ಬಣ್ಣ ಬಿಟ್ಟೈತಿ. ಹೇಳಾಕ ಬಂದಿದ್ದೆ. ಅಪ್ಪ ಬಾಯಿ ಮುಚ್ಚಿಸಿದ."

ಚನ್ನಬಸವರಾಜ ಸಿಟ್ಟು ಮರೆತು ಚಪ್ಪಾಳೆ ತಟ್ಟಿದರು. ಕಾವೇರಿ ಸೆರಗಿನಿಂದ ಮಗಳ ನೀಲಿ ಮೂಗು ಒರೆಸಿ, ಗಂಡನತ್ತ ತಿರುಗಿದಳು.

"ಮಾತಿನ ಪ್ರಕಾರ ಷೋ ಕೆಟ್ಟೈತಿ. ಆದ್ರ ಹಿಂಗ ಬಿಡಿಸಿ ಹೇಳೋ ಹುಡುಗಿ ನನ್ನ ಕ್ಲಾಸಿನಾಗೂ ಇಲ್ಲ. ಇರಲಿ, ಆಕಿ ಮನ್ಯಾಗ ಓದ್ಲಿ."

ತಿಪ್ಪೇಸ್ವಾಮಿಯ ನೀಲಿ ಎದೆ ಗುಡಾರದಂತೆ ಉಬ್ಬಿತು. "ಅಂದ್ರ ಗೆದ್ದದ್ದು ನಾನ! ಹೆಂಗೈತಿ ನನ್ನ ಪಾಠ?"

"ಇರ್ರಿ. ಸ್ಕೂಟಿ ಹಿಂದ ಸೀಟು ಖಾಲಿ ಬಿಡಾಕ ಬರಂಗಿಲ್ಲ."

ಸೋಮವಾರ ಬೆಳಿಗ್ಗೆ ಕಾವೇರಿ ಟೀಚರ ಸ್ಕೂಟಿ ಹೊರಟು ನಿಂತಿತು. ಆಕೆಯ ಕ್ಲಾಸಿನ ಆವಿ, ತೇವ, ಬಣ್ಣ ಎಂಬ ಮೂರು ಪಾಠಗಳಿಗೂ ಒಂದೇ ಮಾದರಿಯಾಗಿ, ಎಷ್ಟು ತಿಕ್ಕಿದರೂ ಬಿಳುಪಾಗದ ಕತ್ತು ಹೊತ್ತು, ತಿಪ್ಪೇಸ್ವಾಮಿ ಹಿಂದೆ ಕುಳಿತಿದ್ದ. ಚೈತ್ರಾ ಅವನ ಕೊರಳಿಗೆ ನೀರಿನ ಬಾಟಲಿ ತೂಗುಹಾಕಿ, ಕೈಗೆ ಬುತ್ತಿ ಕೊಟ್ಟು, ಗೇಟಿನವರೆಗೂ ಬಂದು ಬುದ್ಧಿ ಹೇಳಿದಳು:

"ಅಪ್ಪಾ, ಏನರ ಇದ್ರ ಆಮ್ಯಾಲ ಕೇಳು. ಟೀಚರ್ ಹೇಳುವಾಗ ನಡುವ ಬಾಯಿ ಹಾಕಬ್ಯಾಡ!"